ಸೊಂಟಕ್ಕೆ ಒದೆಯಲು ಬರುವವನಿಗೆ ಬಾಗಿಲು ತೆರೆಯಬೇಡಿ

ಮಾವಾ,

ನಿಮಗೆ ನಿದ್ದೆ ಹತ್ತಿತ್ತು, ಎಬ್ಬಿಸಲಿಲ್ಲ. ಚಹಾ ಥರ್ಮಾಸಿನಲ್ಲಿದೆ.

ಎಂಆರ್‌ಐ ಫಿಲ್ಮನ್ನು ನಾನು ಒಯ್ದಿದ್ದೇನೆ. ನಿಮ್ಮ ಹೋಟೆಲಿನವರೆಲ್ಲ ಅದನ್ನು ಟ್ಯೂಬ್‌ಲೈಟಿಗೆ ಹಿಡಿದು ಡಾಕ್ಟರಾದದ್ದು ಸಾಕು. ವಡೆ ಕರಿಯುವ ಅಪ್ಪಿ "ಎಲುಬೇ ಹೋಯ್ತು ಮಾರಾಯ್ರೆ" ಅಂದನಂತೆ, ನೀವು ಊಟ ಬಿಟ್ಟಿರಿ. ಇಂಥ ಮಾತು ಕೇಳಿದರೆ ಅಸಹ್ಯವಾಗುತ್ತದೆ. ರಿಪೋರ್ಟಿನಲ್ಲಿ ಇರುವುದು ಇಷ್ಟೇ: ಡಿಸ್ಕ್ ಸ್ವಲ್ಪ ಉಬ್ಬಿದೆ, ನೋವಿಗೆ ಅದೇ ಕಾರಣವೋ ಅಲ್ಲವೋ ರೋಗಿಯನ್ನು ಪರೀಕ್ಷಿಸಿ ಹೇಳಬೇಕು. ಬರೆದವರು ನಿಮ್ಮ ಮುಖವನ್ನೂ ನೋಡಿಲ್ಲ.

ಇವತ್ತು ಮಲಾಡಿನಿಂದ ಒಬ್ಬ ನಿಮ್ಮ ಸೊಂಟಕ್ಕೆ ಒದೆಯಲು ಬರುತ್ತಾನಂತೆ, ಕಾಲು ಮುಂದಾಗಿ ಹುಟ್ಟಿದವನು ಎಂಬ ಒಂದೇ ಯೋಗ್ಯತೆಯ ಮೇಲೆ. ಅಂಥವನು ಒದ್ದರೆ ಸೊಂಟನೋವು ಹೋಗುತ್ತದಂತೆ. ಅವನು ಹೇಗೆ ಹುಟ್ಟಿದ ಎನ್ನುವುದು ಅವನ ತಾಯಿ ಪಟ್ಟ ಕಷ್ಟ, ನಿಮ್ಮ ಬೆನ್ನಿಗೆ ಔಷಧಿಯಲ್ಲ. ವಾಪಸ್ ಕಳಿಸಿ.

ಮಲಗಿಯೇ ಇರಬೇಡಿ, ಮನೆಯೊಳಗೆ ನಡೆಯಿರಿ. ಏನನ್ನೂ ಎತ್ತಬೇಡಿ. ಕಾಲು ಮರಗಟ್ಟಿದರೆ, ಮೂತ್ರ ಕಟ್ಟಿದರೆ ನನಗಾಗಿ ಕಾಯದೆ ರಿಕ್ಷಾ ಹಿಡಿದು ಆಸ್ಪತ್ರೆಗೆ ಹೋಗಿ.

ಸಂಜೆ ಮುಲುಂಡಿನ ಡಾಕ್ಟರ ಬಳಿ ಇಬ್ಬರೂ ಹೋಗೋಣ. ಮತ್ತೆ ದೋಸೆ ಕಾವಲಿಯ ಮುಂದೆ ನಿಲ್ಲಬಹುದೇ ಎಂದು ನಿನ್ನೆ ನನ್ನನ್ನು ಕೇಳಿದಿರಿ. ನನಗೆ ಗೊತ್ತಿಲ್ಲ. ಅವರನ್ನು ಕೇಳಲು ಹೆದರಿಕೆಯಾದರೆ ನಾನು ಕೇಳುತ್ತೇನೆ. ಉತ್ತರವನ್ನು ಮಾತ್ರ ನೀವೇ ಕೂತು ಕೇಳಿಸಿಕೊಳ್ಳಬೇಕು.

ಯಕ್ಷಿತಾ