ಕೆಂಚನ ಹಲ್ಲು

ಕೂಡ್ಲಿಗಿ
5 ಡಿಸೆಂಬರ್ 2025

ಪ್ರೀತಿಯ ಚಿಕ್ಕಪ್ಪನಿಗೆ ದುರ್ಗಾ ಮಾಡುವ ನಮಸ್ಕಾರಗಳು.

ನಿಮ್ಮ ಮೊಣಕಾಲು ಈಗ ಹೇಗಿದೆ? ನಮ್ಮ ಹೊಲ ನೋಡಿಕೊಳ್ಳುವ ಮೈಲಪ್ಪ ಮಗಳನ್ನು ನಿಮ್ಮ ಹಂಪಸಾಗರಕ್ಕೆ ಕೊಟ್ಟ ಮೇಲೆ ನಿಮ್ಮ ಸುದ್ದಿ ಆಗೊಮ್ಮೆ ಈಗೊಮ್ಮೆ ನಮ್ಮ ಹೊಲದವರೆಗೂ ಬರುತ್ತದೆ. ಮೆಟ್ಟಿಲು ಹತ್ತಲು ಆಗುವುದಿಲ್ಲವಂತೆ, ಆದರೆ ಎಮ್ಮೆ ಮೈತೊಳೆಯಲು ಹೊಳೆಗೆ ಇಳಿಯುವುದನ್ನು ಬಿಟ್ಟಿಲ್ಲವಂತೆ. ನೀವು ಬಿಡುವವರಲ್ಲ ಎಂದು ನನಗೂ ಗೊತ್ತು. ನಾನು ಇನ್ನೂ ಮುಖ ನೋಡದ ಚಿಕ್ಕಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಹರಪನಹಳ್ಳಿಯಲ್ಲಿ ಅಪ್ಪ ಆರೋಗ್ಯವಾಗಿದ್ದಾರೆ. ಎಪ್ಪತ್ತೊಂಬತ್ತಾಯಿತು. ಎರಡೂ ಕಣ್ಣಿನ ಪೊರೆ ತೆಗೆಸಿದ ಮೇಲೆ ಪೇಪರಿನ ಸಣ್ಣ ಅಕ್ಷರವನ್ನೂ ಬಿಡದೆ ಓದುತ್ತಾರೆ, ತಪ್ಪು ಕಂಡಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕುತ್ತಾರೆ, ಮೇಷ್ಟ್ರತನ ಹೋಗಿಲ್ಲ. ನಾನು ಕನ್ನಡದಲ್ಲಿ ಇಷ್ಟುದ್ದದ ಪತ್ರ ಬರೆದು ಎಷ್ಟೋ ವರ್ಷಗಳಾದವು. ಇದು ಅವರ ಕೈಗೆ ಸಿಕ್ಕರೆ ಎಲ್ಲೆಲ್ಲಿ ಸುತ್ತು ಬೀಳುತ್ತದೋ! ನಿಮ್ಮ ಫೋನ್ ನಂಬರನ್ನು ಮೈಲಪ್ಪ ಕೊಟ್ಟಿದ್ದ. ಎರಡು ಸಲ ಒತ್ತಿ, ಗಂಟೆ ಹೊಡೆಯುವ ಮುಂಚೆಯೇ ಕತ್ತರಿಸಿದೆ. ಆಮೇಲೆ ಕಾಗದ ತಂದೆ.

ಮೂರು ವರ್ಷದಿಂದ ನಮ್ಮೂರಿನ ಬೂದಿದಿಬ್ಬದ ಮೇಲೆ ಕೆಲಸ ಮಾಡುತ್ತಿದ್ದೇನೆ. ನೀವು ದನ ಮೇಯಿಸುತ್ತಿದ್ದ ಅದೇ ದಿಬ್ಬ. ರಕ್ಕಸನನ್ನು ಸುಟ್ಟ ಬೂದಿ ಎಂದು ಊರೆಲ್ಲ ಹೇಳುತ್ತಿದ್ದಾಗ ನೀವು ಒಂದು ಹೆಂಟೆಯನ್ನು ಅಂಗೈಯಲ್ಲಿ ಪುಡಿಮಾಡಿ, "ರಕ್ಕಸನೂ ಇಲ್ಲ ಗಿಕ್ಕಸನೂ ಇಲ್ಲ ದುರ್ಗಿ, ಇದು ಸಗಣಿ ಸುಟ್ಟ ಬೂದಿ. ಇಲ್ಲಿ ಯಾರೋ ದನ ಕಟ್ಟಿದ್ರು" ಎಂದಿದ್ದಿರಿ. ನನಗಾಗ ಏಳೋ ಎಂಟೋ ವರ್ಷ. ಓದಿದವರು ಹೇಳುವುದೂ ಅದನ್ನೇ: ಸುಮಾರು ನಾಲ್ಕು ಸಾವಿರ ವರ್ಷದ ಹಿಂದಿನ ದನದ ದೊಡ್ಡಿ. ಅಲ್ಲಿ ಅಗೆದಾಗ ಸಿಕ್ಕ ಒಂದು ದವಡೆಯ ಕಟ್ಟಕಡೆಯ ಹಲ್ಲು ನನ್ನ ಪಾಲಿಗೆ ಬಂತು.

ಆ ಹಲ್ಲನ್ನು ಹೇಗೆ ಓದುತ್ತೇವೆ ಎಂದು ನಿಮಗೆ ಹೇಳಲೇಬೇಕು. ಕರುವಿಗೆ ಒಂಬತ್ತು ಹತ್ತು ತಿಂಗಳಾದಾಗ ಅದು ದವಡೆಯೊಳಗೆ ಕಟ್ಟಲು ಶುರುವಾಗುತ್ತದೆ, ಎರಡು ವರ್ಷಕ್ಕೆ ಮುಗಿಯುತ್ತದೆ. ತುದಿ ಮೊದಲು, ಬುಡ ಕೊನೆಗೆ. ಆ ದಿನಗಳಲ್ಲಿ ಕರು ತಿಂದ ಮೇವು, ಕುಡಿದ ನೀರು ಹಲ್ಲಿನ ಬಿಳಿ ಹೊದಿಕೆಯಲ್ಲಿ ಸೇರಿ ನಿಂತುಬಿಡುತ್ತವೆ. ಆಮೇಲೆ ಕರು ಎತ್ತಾಗಲಿ, ಸಾಯಲಿ, ಮಣ್ಣಾಗಲಿ, ಅದು ಅಳಿಯುವುದಿಲ್ಲ. ನಾವು ತುದಿಯಿಂದ ಬುಡದವರೆಗೆ ಸಣ್ಣ ಸಣ್ಣ ಗೀರು ಹಾಕಿ, ಚಿಟಿಕೆಗಿಂತ ಕಡಿಮೆ ಹಿಟ್ಟು ತೆಗೆದು ಯಂತ್ರಕ್ಕೆ ಕೊಡುತ್ತೇವೆ. ಇಂಗಾಲದಲ್ಲಿ ಭಾರದ್ದು, ಹಗುರದ್ದು ಎಂದು ಎರಡಿವೆ. ಜೋಳದ ಸೊಪ್ಪೆ, ಬಯಲ ಹುಲ್ಲು ತಿಂದರೆ ಭಾರದ್ದು ಹೆಚ್ಚು. ನೆಲ್ಲುಹುಲ್ಲು, ಗಿಡದ ಎಲೆ ತಿಂದರೆ ಕಡಿಮೆ. ನೀರಿನ ಆಮ್ಲಜನಕವೂ ಹಾಗೆಯೇ. ಬೇಸಿಗೆಯಲ್ಲಿ ಹಗುರದ್ದು ಆವಿಯಾಗಿ ಭಾರದ್ದು ಉಳಿಯುತ್ತದೆ, ಒಳ್ಳೆಯ ಮಳೆ ಬಿದ್ದರೆ ಯಂತ್ರ ಬರೆಯುವ ಗೆರೆ ಕೆಳಗಿಳಿಯುತ್ತದೆ. ಇನ್ನು ಸ್ಟ್ರಾನ್ಷಿಯಂ ಎಂಬುದೊಂದು. ಅದು ಕಲ್ಲಿನಿಂದ ಮಣ್ಣಿಗೆ, ಮಣ್ಣಿನಿಂದ ಮೇವಿಗೆ ಬರುತ್ತದೆ. ಯಾವ ನೆಲದಲ್ಲಿ ಮೇಯಿತು ಎಂದು ಹೇಳುವುದು ಅದೇ.

ಆ ಹಳೆಯ ಹಲ್ಲಿನಲ್ಲಿ ಒಂದು ಮಳೆಗಾಲ ಬರಲೇ ಇಲ್ಲ, ಚಿಕ್ಕಪ್ಪ. ಗೆರೆ ಇಳಿಯಬೇಕಾದ ಕಡೆ ಇಳಿಯಲಿಲ್ಲ. ಅದೇ ಹೊತ್ತಿಗೆ ಮೇದ ನೆಲವೂ ಬದಲಾಯಿತು, ನಮ್ಮ ಕೆಂಪು ಮಸಾರಿಯಿಂದ ಹೊಳೆಯ ಮೆಕ್ಕಲಿಗೆ. ಕೆಲವು ತಿಂಗಳಾದ ಮೇಲೆ ಮತ್ತೆ ಮಸಾರಿಗೆ. ನಾನು ಕುರ್ಚಿಯಿಂದ ಎದ್ದು ನಿಂತೆ. ಎದುರಿಗೆ ಯಾರೋ ಹಿರಿಯರು ಬಂದರೆ ಏಳುತ್ತೇವಲ್ಲ, ಹಾಗೆ. ಕರು ತಾನಾಗಿ ಹೊಳೆಗೆ ಹೋಗಿ ತಾನಾಗಿ ಮರಳುವುದಿಲ್ಲ. ಅದರ ಹಿಂದೆ ಒಬ್ಬರು ನಡೆದಿದ್ದಾರೆ. ಅವರ ಹೆಸರು ಉಳಿದಿಲ್ಲ, ಆಡಿದ ಭಾಷೆ ಯಾವುದೋ ಗೊತ್ತಿಲ್ಲ, ಗಂಡಸೋ ಹೆಂಗಸೋ ಅದೂ ತಿಳಿಯದು. ನಡೆದದ್ದು ಮಾತ್ರ ಉಳಿದಿದೆ, ಹೆಬ್ಬೆರಳಿನಷ್ಟು ಉದ್ದದ ಹಲ್ಲಿನಲ್ಲಿ.

ಇದನ್ನು ನಾನು ಸರಿಯಾಗಿ ಓದಿದ್ದೇನೆಯೇ ಎಂದು ಪರೀಕ್ಷಿಸಲು, ಎಲ್ಲೆಲ್ಲಿ ಮೇದಿತ್ತು ಎಂದು ಮೊದಲೇ ಗೊತ್ತಿರುವ ಈ ಕಾಲದ ಒಂದು ದನದ ಹಲ್ಲು ಬೇಕಿತ್ತು. ನಾನು ನಮ್ಮ ಎತ್ತು ಕೆಂಚನ ಹೆಸರು ಬರೆದುಕೊಟ್ಟೆ. ಕೆಂಚ ಸತ್ತದ್ದು 2019ರಲ್ಲಿ. ಬದುವಿನ ಬೇವಿನಡಿ ಮಣ್ಣು ಮಾಡಿದ್ದೆವು. ಅರ್ಜಿಯಲ್ಲಿ "ಮೇದ ಜಾಗ" ಎಂಬಲ್ಲಿ ನಿಮ್ಮ ಮಾತನ್ನೇ ಬರೆದೆ: ಏಳು ತಿಂಗಳು ಹಂಪಸಾಗರ, ನೆಲ್ಲುಹುಲ್ಲು. ಬರೆದ ಮೇಲೆ ಪೆನ್ನು ಕೆಳಗಿಟ್ಟೆ. ನಮ್ಮ ಮನೆ ಇಪ್ಪತ್ತೆರಡು ವರ್ಷ ನಂಬದ ಮಾತನ್ನು ಸರ್ಕಾರಿ ಕಾಗದದಲ್ಲಿ ನಿಜವೆಂದು ಬರೆದಿದ್ದೆ. ಪರೀಕ್ಷೆಗೆ ಅನುಕೂಲವೆಂದು ಕೆಂಚನನ್ನು ಆರಿಸಿದೆನೋ, ಪರೀಕ್ಷೆಯ ನೆಪದಲ್ಲಿ ಬೇರೇನನ್ನೋ ತಿಳಿಯಲು ಹೊರಟಿದ್ದೆನೋ, ನನಗೆ ಈಗಲೂ ಖಚಿತವಿಲ್ಲ.

ಆ ದಿನವನ್ನು ನಿಮಗೆ ನೆನಪಿಸಬೇಕಾಗಿಲ್ಲ. ಆದರೂ ಬರೆಯುತ್ತೇನೆ, ಏಕೆಂದರೆ ನಮ್ಮ ಮನೆಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳಿಲ್ಲ. 2003ರಲ್ಲಿ ಊರಿನ ಮೇವು ಮುಗಿದಾಗ ನೀವು ಅಮ್ಮನ ತವರಿನವರು ಕೊಟ್ಟಿದ್ದ ಆಕಳನ್ನೂ ಅದರ ಒಂದು ವರ್ಷದ ಹೋರಿಗರುವನ್ನೂ ಹೊಡೆದುಕೊಂಡು ಹೊಳೆಸೀಮೆಗೆ ಹೋದಿರಿ. ದಸರೆಯ ಹೊತ್ತಿಗೆ ಮರಳಿದಾಗ ಆಕಳು ಇರಲಿಲ್ಲ. ಅಲ್ಲೇ ಸತ್ತಿತು ಎಂದಿರಿ. ನಿಮ್ಮ ಕೈಯ ಹಗ್ಗದ ತುದಿಗೆ ಬೂದು ಬಣ್ಣದ ಎತ್ತರದ ಹೋರಿ. ನಾವು ಹರಪನಹಳ್ಳಿಯಲ್ಲಿದ್ದವರು, ಹಬ್ಬಕ್ಕೆಂದು ಊರಿಗೆ ಬಂದಿದ್ದೆವು, ಕೊಟ್ಟಿಗೆಗೆ ಕಾಲಿಟ್ಟವರಲ್ಲ. ಹುಟ್ಟಿದಾಗ ಕರು ಕೆಂಪಗಿತ್ತು ಎಂಬುದಷ್ಟೇ ನಮಗೆ ಗೊತ್ತಿದ್ದದ್ದು. ಎರಡನ್ನೂ ಮಾರಿ, ಯಾವುದೋ ಸಂತೆಯಿಂದ ಇದನ್ನು ಹಿಡಿದು ತಂದಿದ್ದೀರಿ ಎಂದು ನಾವು ತೀರ್ಮಾನಿಸಿದೆವು. "ಕರು ಹುಟ್ಟಿದ ಬಣ್ಣ ಬಿಡ್ತಾವಣ್ಣ" ಎಂದಿರಿ. ಕೆಂಚಾ ಎಂದು ಕರೆದಿರಿ, ಅದು ಕಿವಿ ನಿಮಿರಿಸಿ ತಿರುಗಿತು. ಕಣ್ಣು ಹೋಗಿದ್ದ ಅಜ್ಜಿ ಗೋಡೆ ಹಿಡಿದು ಬಂದು, ಅದರ ಕೊರಳಡಿ ಜೋಲುವ ಗಂಗೆದೊಗಲಿನ ಮೇಲೆ ಅಂಗೈ ಆಡಿಸಿ, "ನಮ್ದ ಐತೋ, ನಮ್ಮ ಕೆಂಚಾನ" ಎಂದಳು. ಕಾಣದಾಕೆಯ ಮಾತೆಂದು ನಾವು ಬದಿಗಿಟ್ಟೆವು. ಮರುದಿನ ಬೆಳಿಗ್ಗೆ ಅಪ್ಪ ಪಡಸಾಲೆಯಲ್ಲಿ ನಿಂತು "ಹುಲುಗಾ, ಇದು ನಮ್ಮ ಕರ ಅಲ್ಲ" ಎಂದರು. ನೀವು ಜಗಳವಾಡಲಿಲ್ಲ. ಹಗ್ಗವನ್ನು ಗೂಟಕ್ಕೆ ಬಿಗಿದು, "ಯಾರ್ದಾರ ಆಗ್ಲಿ, ನೀರು ಕುಡಿಸ್ರಿ. ನಡದು ಬಂದೈತಿ" ಎಂದು ಹೊರಟುಬಿಟ್ಟಿರಿ. ಆಮೇಲೆ ಅಜ್ಜಿಯ ಮಣ್ಣಿಗೆ ಬಂದಾಗಲೂ ಅಲ್ಲಿಂದಲೇ ಹೋದಿರಿ, ಮನೆಯ ಕಟ್ಟೆ ಏರಲಿಲ್ಲ.

ಬೇವಿನ ಬುಡ ಅಗೆಯುವಾಗ ಮೈಲಪ್ಪ ಸಲಿಕೆಗೆ ಒರಗಿ, "ಸತ್ತ ಎತ್ತಿನ ಬಾಯಾಗ ಏನ್ ಹುಡುಕ್ತಿ ತಂಗಿ?" ಎಂದ. ಹೇಳಿದೆ. ಅವನು ನಕ್ಕುಬಿಟ್ಟ. "ಅದು ಅದಾ ಕರ ಅಂತ ನನಗ ಅವತ್ತಾ ಗೊತ್ತಿತ್ತು. ಬಲಗಿವಿ ಹಿಂದಿನ ಗಂಟಿಗೆ ಕಬ್ಬಿಣ ಕಾಸಿ ಬರಿ ಹಾಕಿದಾಂವ ನಾನಾ, ಆ ಕಲೆ ಹಂಗಾ ಇತ್ತು." ಹಾಗಾದರೆ ಆಗಲೇ ಏಕೆ ಹೇಳಲಿಲ್ಲ ಎಂದೆ. "ನನ್ನ ಯಾರು ಕೇಳಿದ್ರು?" ಎಂದು ಮತ್ತೆ ಅಗೆಯತೊಡಗಿದ.

ಕೆಂಚನ ಹಲ್ಲಿಗೆ ಹತ್ತೊಂಬತ್ತು ಗೀರು ಹಾಕಿದೆವು. ಮೊದಲ ನಾಲ್ಕರಲ್ಲಿ ಜೋಳದ ಸೊಪ್ಪೆ, ನಮ್ಮ ಮಸಾರಿ. ಐದರಿಂದ ಇಂಗಾಲದ ಗೆರೆ ಇಳಿಯತೊಡಗಿ ಒಂಬತ್ತು ಗೀರು ಕೆಳಗೇ ಉಳಿಯಿತು: ನೆಲ್ಲುಹುಲ್ಲು, ಹೊಳೆಯ ಮೆಕ್ಕಲು. ಕೊನೆಯ ಆರು ಮತ್ತೆ ನಮ್ಮವು. ಒಂದು ಗೀರಿಗೆ ಮೂರು ವಾರದ ಮೇಲೆ ಸ್ವಲ್ಪ. ಲೆಕ್ಕ ಹಾಕಿದರೆ ಏಳು ತಿಂಗಳು. ನನ್ನ ವಿದ್ಯಾರ್ಥಿನಿ ನೂರೀನ, ಕೊಟ್ಟೂರಿನ ಹುಡುಗಿ, ಎರಡೂ ಹಲ್ಲುಗಳ ನೀರಿನ ಗೆರೆಗಳನ್ನು ಒಂದರ ಮೇಲೊಂದು ಇಟ್ಟು ತಂದಳು. "ಮೇಡಂ, ಇದ್ರಾಗ ನಿಮ್ಮನಿ ಎತ್ತು ಯಾವ್ದು, ನಾಕು ಸಾವಿರ ವರ್ಷದ್ದು ಯಾವ್ದು, ಹೇಳ್ರಿ ನೋಡಾನ" ಎಂದು ಕೆಣಕಿದಳು. ನನಗೆ ಹೇಳಲಾಗಲಿಲ್ಲ. ಎರಡರಲ್ಲೂ ಒಂದು ಮಳೆಗಾಲ ಕಾಣೆಯಾಗಿತ್ತು, ಎರಡರಲ್ಲೂ ಯಾರೋ ಒಬ್ಬರು ಕರುವನ್ನು ಹೊಳೆಗೆ ಕರೆದೊಯ್ದು ಉಳಿಸಿಕೊಂಡು ಬಂದಿದ್ದರು. ಅವರಲ್ಲಿ ಒಬ್ಬರ ಹೆಸರು ನನಗೆ ಗೊತ್ತಿತ್ತು.

ನನ್ನ ವೃತ್ತಿಯಲ್ಲಿ ಹೆಚ್ಚು ಹೇಳುವುದು ತಪ್ಪು, ಆದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಕೂಡ್ಲಿಗಿ ಸುತ್ತಲೂ ಒಂದೇ ಬಗೆಯ ಕಲ್ಲು. ಹಲ್ಲು "ಈ ಸೀಮೆ" ಎನ್ನುತ್ತದೆಯೇ ಹೊರತು "ನಮ್ಮ ಕೊಟ್ಟಿಗೆ" ಎನ್ನಲಾರದು. ಆದರೆ ಹೊಳೆಯ ಕಡೆ ಕೊಂಡ ಹೋರಿಯಾಗಿದ್ದರೆ ಹಲ್ಲಿನ ತುದಿಯಲ್ಲಿ ನಮ್ಮ ಮಸಾರಿ ಇರುತ್ತಿರಲಿಲ್ಲ. ಮರಳುವಾಗ ಇಲ್ಲೇ ಕೊಂಡದ್ದಾಗಿದ್ದರೆ ನಡುವೆ ಹೊಳೆ ಇರುತ್ತಿರಲಿಲ್ಲ. ಇಲ್ಲಿಂದ ಹೋದ ಕರುವೇ ಅಲ್ಲಿಂದ ಬಂದಿದೆ. ನೀವು ಹೇಳಿದ್ದು ನಿಜ. ಒಂದು ಕೋಣೆ ತುಂಬುವ ಯಂತ್ರ ಈಗ ಹೇಳಿದ್ದನ್ನು ಅಜ್ಜಿಯ ಅಂಗೈ ಅಂದೇ ಹೇಳಿತ್ತು.

ಹೋದ ವಾರ ಅಪ್ಪನ ಮುಂದೆ ಗೆರೆಗಳ ಹಾಳೆ ಇಟ್ಟು ವಿವರಿಸಿದೆ. ಬೆರಳಿನಿಂದ ಗೆರೆಯ ಮೇಲೆ ನಿಧಾನವಾಗಿ ನಡೆದು, ಹೊಳೆಗೆ ಇಳಿದು, ಮತ್ತೆ ಮೇಲೆ ಬಂದರು. ಆಮೇಲೆ ಒಂದೇ ಮಾತು ಕೇಳಿದರು: "ಅವತ್ತು ಅದಕ್ಕ ನೀರು ಕುಡಿಸಿದ್ವಾ?" ನನಗೆ ನೆನಪಿರಲಿಲ್ಲ.

ನಮ್ಮನ್ನು ಕ್ಷಮಿಸಿ ಎಂದು ಬರೆಯುವುದು ಸುಲಭ, ಅದಕ್ಕೇ ಬರೆಯಲು ಕೈ ಹಿಂಜರಿಯುತ್ತದೆ. ಮೊಣಕಾಲಿಗೆ ಬಿಸಿನೀರಿನ ಶಾಖ ತಪ್ಪಿಸಬೇಡಿ. ಚಿಕ್ಕಮ್ಮನಿಗೂ ನಿಮಗೂ ಮತ್ತೊಮ್ಮೆ ನಮಸ್ಕರಿಸುವ,

ನಿಮ್ಮ ಮನೆಯ ಹುಡುಗಿ,
ದುರ್ಗಾದೇವಿ

ವಿ.ಸೂ.: ಲಕೋಟೆಗೆ ಅಂಟು ಹಚ್ಚುವ ಮುಂಚೆ ಓದಿ ನೋಡಿದೆ. ಎಲ್ಲ ಕಡೆ "ನಾವು" ಎಂದು ಬರೆದಿದ್ದೇನೆ. ಅದು ಸುಳ್ಳು. ಅಂದು ಸಂಜೆ ನೀವು ಕೈಕಾಲು ತೊಳೆಯಲು ಬಾವಿಗೆ ಹೋಗಿದ್ದಾಗ ಅಪ್ಪ ಒಳಗೆ ಅಮ್ಮನಿಗೆ "ಹುಲುಗ ಸುಳ್ಳು ಹೇಳಂಗಿಲ್ಲ" ಎನ್ನುತ್ತಿದ್ದರು. ಹಾಸ್ಟೆಲಿನಿಂದ ಬಂದಿದ್ದ ನಾನು ಹಿಂದಿನ ವರ್ಷದ ಯುಗಾದಿಗೆ ತೆಗೆದಿದ್ದ ಫೋಟೋವನ್ನು ಅವರ ಕೈಗೆ ಕೊಟ್ಟೆ: ಕೆಂಪು ನೆತ್ತಿಯ, ತಿಂಗಳ ಕರು. "ನೋಡಪ್ಪ, ಸಾಕ್ಷಿ" ಎಂದೆ. ಅಪ್ಪ ನಂಬಿದ್ದು ಫೋಟೋವನ್ನಲ್ಲ, ವಿಜ್ಞಾನ ಓದುತ್ತಿದ್ದ ಮಗಳನ್ನು. ಇಷ್ಟು ವರ್ಷ ನಿಮ್ಮ ಸಿಟ್ಟನ್ನು ತಾವೇ ಹೊತ್ತುಕೊಂಡು, ನನ್ನ ಹೆಸರನ್ನು ಯಾರ ಮುಂದೆಯೂ ಎತ್ತಿಲ್ಲ. ಆ ಫೋಟೋ ಇದರ ಜೊತೆಗಿದೆ. ಹದಿನಾಲ್ಕನೇ ತಾರೀಖು ಭಾನುವಾರ ಅಪ್ಪನನ್ನು ಕರೆದುಕೊಂಡು ಬಸ್ಸಿಗೆ ಬರುತ್ತೇನೆ. ನನ್ನನ್ನು ಅಂಗಳದಲ್ಲೇ ನಿಲ್ಲಿಸಿದರೂ ಸರಿ. ಅವರನ್ನು ಒಳಗೆ ಕರೆದು ನೀರು ಕೊಡಿ.