ಬಲಗಡೆಯ ರಂಗೋಲಿ

ತ್ಯಾಗರಾಜನಗರ
ಭಾನುವಾರ

ಶೀನಣ್ಣನವರಿಗೆ, ನಿಮ್ಮ ಪ್ರೆಸ್ಸಿನ ತನ್ಮಯಿಯ ನಮಸ್ಕಾರ.

ಯಮುನಾ ಅವರ ಮದುವೆ ಕಾರ್ಡಿನ ಪ್ರೂಫ್ ಕಳಿಸಿದ್ದೇನೆ. ಎರಡೂ ರಂಗೋಲಿಗಳು ಬಂದಿವೆ, ನೋಡಿ. ನಿನ್ನೆ ಬಲಗಡೆಯದು ಬರದೆ ನಿಂತಾಗ, “ನಿನ್ನ ಬಿಟ್ಟಿ ಸಾಫ್ಟ್‌ವೇರ್ ನಂಬ್ಕೊಂಡ್ರೆ ಮುಹೂರ್ತಾನೇ ಮುಗ್ದೋಗುತ್ತೆ ತಾಯಿ, ದುಡ್ಡಿನ ಸಾಫ್ಟ್‌ವೇರನ್ನೇ ಕದ್ದು ಹಾಕ್ಸೋಣ” ಎಂದು ಗಿರಾಕಿಗಳೆದುರು ನಕ್ಕಿರಿ. ನಾನು ಎದ್ದು ಬಂದೆ.

ತಪ್ಪು ನೀವು ಬಿಟ್ಟಿ ಎಂದ ಆ ಲೇಟೆಕ್ ಸಾಫ್ಟ್‌ವೇರಿನದ್ದಲ್ಲ. ಚುಕ್ಕಿಗಳ ಅಂತರ ಎಷ್ಟೆಂಬುದನ್ನು ನಾನು ಎಡಗಡೆಯ ರಂಗೋಲಿಯನ್ನು ಬಿಡಿಸುವ ಪೋಸ್ಟ್‌ಸ್ಕ್ರಿಪ್ಟ್ ಕೋಡಿನೊಳಗೆ ಬರೆದಿದ್ದೆ. ಹಾಗೆ ಒಂದು ಚಿತ್ರದೊಳಗೆ ಬರೆದದ್ದು ಅಲ್ಲಿಗೇ ಮುಗಿಯುತ್ತದೆ, ಪಕ್ಕದ ಚಿತ್ರಕ್ಕೆ ಗೊತ್ತಾಗುವುದಿಲ್ಲ. ಈಗ ಅದನ್ನು ಎರಡಕ್ಕೂ ಮೊದಲು, ಹೊರಗೆ ಬರೆದಿದ್ದೇನೆ. ಕಾಲೇಜಿನಲ್ಲಿ ಕಲಿತದ್ದಲ್ಲ ಇದು. ಯಾರು ಬೇಕಾದರೂ ಬಳಸಿ ಹಂಚಿಕೊಳ್ಳಬಹುದಾದ ಮುಕ್ತ ತಂತ್ರಾಂಶದ ಕರಪತ್ರಗಳನ್ನು ಓದಿ ನಾನೇ ಕಲಿತದ್ದು. ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ.

ಕದ್ದ ಸಾಫ್ಟ್‌ವೇರ್ ಹಾಕಿಸುವುದಿಲ್ಲ ಎಂದರೆ ನಾಳೆ ಎಂದಿನಂತೆ ಬರುತ್ತೇನೆ. ಹಾಕಿಸುವುದಾದರೆ ನನ್ನನ್ನು ಕಾಯಬೇಡಿ. ಏನೇ ಆದರೂ ಈ ಕಾರ್ಡನ್ನು ಅಚ್ಚಿಗೆ ಕೊಡಿ, ಯಮುನಾ ದಿನಾ ಬಂದು ಕೇಳುತ್ತಿದ್ದಾರೆ.

ಕೋಡನ್ನೂ ಕಳಿಸಿದ್ದೇನೆ. ನಮ್ಮ ಸುಲ್ತಾನ್‌ಪೇಟೆಯ ಪ್ರೆಸ್ಸುಗಳಲ್ಲಿ ಯಾರು ಕೇಳಿದರೂ ಕೊಡಿ. ಎದುರಂಗಡಿಯವರು ಕೇಳಿದರೂ.

ಇಂತಿ,
ತನ್ಮಯಿ