ರಹಿಮಾನಸಾಬನಿಗೆ ಕಾದಿಟ್ಟ ಗಾದಿ

ರಾಣೆಬೆನ್ನೂರು
೧೩-೨-೨೦೦೬, ಸೋಮವಾರ

ಗೆಳೆಯ ರಹಿಮಾನಸಾಬನಿಗೆ ಅಂದಾನೆಪ್ಪನ ಸಲಾಮು.

ನಾವೆಲ್ಲ ಇಲ್ಲಿ ಕ್ಷೇಮ. ನೀನೂ ಹಸೀನಾಬಿಯೂ ಬಿಜಾಪುರದಲ್ಲಿ ಮಗನ ಮನೆಯಲ್ಲಿ ಸುಖವಾಗಿದ್ದೀರಿ ಎಂದು ತಿಳಿದುಕೊಂಡಿದ್ದೇನೆ. ನಾನಾಗಿಯೇ ತಿಳಿದುಕೊಳ್ಳಬೇಕು, ಯಾಕೆಂದರೆ ನೀನಂತೂ ತಿಳಿಸುವವನಲ್ಲ. ಕೂತು ಉದ್ದ ಪತ್ರ ಬರೆಯದೆ ಬಹಳ ದಿನವಾಯಿತು, ಬೀಜದ ಅಂಗಡಿಯ ಗದ್ದಲದಲ್ಲಿ ಆಗಲಿಲ್ಲ, ಅದಕ್ಕೆ ಕ್ಷಮಿಸು. ನಡುವೆ ಎರಡು ಕಾರ್ಡು ಹಾಕಿದ್ದೆ. ಅವಕ್ಕೆ ಉತ್ತರ ಕೊಡದ ನಿನ್ನನ್ನು ಮಾತ್ರ ನಾನು ಕ್ಷಮಿಸಿಲ್ಲ.

ನಮ್ಮ ಮನೆಯಾಕೆ ಕರೆವ್ವನ ಮೊಣಕಾಲು ನೋವು ಹಾಗೇ ಇದೆ. ಅವಳ ಬಾಯಿಯೂ ಹಾಗೇ ಇದೆ. ಹಿಂಗಾರಿ ಮಳೆ ಚೆನ್ನಾಗಿಯೇ ಆಗಿತ್ತು, ಬೀಜದ ವ್ಯಾಪಾರ ನಡೆದಿದೆ. ಇವೆಲ್ಲ ಕ್ಷೇಮ ಸಮಾಚಾರ. ಇನ್ನು ನಿನ್ನೆ ನನಗಾದ ಫಜೀತಿಯನ್ನು ಹೇಳುತ್ತೇನೆ, ಸಾವಕಾಶ ಓದು. ಪೂರ್ತಿ ನಿನ್ನಿಂದಲೇ ಆದದ್ದು.

ಕಾಲೇಜಿನಲ್ಲಿ ಪಾಠ ಹೇಳುವ ಪ್ರವೀಣಕುಮಾರನನ್ನು ನೀನು ಬಲ್ಲೆ, ಮಠದ ಭಜನೆಗೆ ಬಂದು ಹಿಂದೆ ಕೂಡುತ್ತಿದ್ದ ಹುಡುಗ. ಅವನು ಹೋದ ತಿಂಗಳು ಅಂಗಡಿಗೆ ಬಂದ. "ಕಾಕಾರ, ಮೈಸೂರಿಂದ ಒಂದ ತಂಡ ಬರಾಕತ್ತೈತಿ. ನಮ್ಮ ಊರಾಗ ಸಂಗೀತದ್ದು ಏನೇನ ಇತ್ತು, ಏನೇನ ಐತಿ, ಎಲ್ಲಾ ಒಂದ ದಿನದಾಗ ನೋಡಿ ಹೊಕ್ಕಾರಂತ. ಸಂಜಿಗೆ ಮಠದಾಗ ನಿಮ್ಮದೂ ರಹಿಮಾನಸಾಬರದೂ ಜೋಡಿ ಆಗಬೇಕ್ರಿ" ಅಂದ. ನಾನು ನಿನ್ನನ್ನು ಕೇಳದೆಯೇ ಆಗಲಿ ಅಂದೆ. ಕೇಳುವುದೇನಿದೆ? ಮೂವತ್ತು ವರ್ಷ ಅಮಾವಾಸ್ಯೆಯ ಭಜನೆಗೆ ನಾನು ಹಾಡಿದ್ದೇನೆ, ನೀನು ತಬಲಾ ಬಾರಿಸಿದ್ದೀ. ಒಂದು ಸಲವಾದರೂ ನೀನು ಒಲ್ಲೆ ಅಂದದ್ದು ಇದೆಯೇ? ಜ್ವರದಲ್ಲಿ ರಗ್ಗು ಹೊದ್ದು ಬಂದು ಬಾರಿಸಿದವನು ನೀನು.

ಆ ದಿನದಿಂದ ಫೋನು ಮಾಡಿದೆ. ಪ್ರತಿ ಸಲ ನಿನ್ನ ಮಗ ಅಯಾಜ್ ಎತ್ತುತ್ತಾನೆ. "ಅಬ್ಬಾ ಮಲಗ್ಯಾರ್ರಿ ಕಾಕಾ. ಹೇಳ್ತೇನ್ರಿ. ನೋಡೋಣ್ರಿ." ಮುಂಜಾನೆ ಮಾಡಿದರೂ ಮಲಗಿದ್ದಾನೆ, ಸಂಜೆ ಮಾಡಿದರೂ ಮಲಗಿದ್ದಾನೆ. ಮಗನ ಮನೆಯ ಊಟಕ್ಕೆ ನಿನಗೆ ಇಷ್ಟು ನಿದ್ದೆ ಹತ್ತುತ್ತದೆ ಎಂದು ಗೊತ್ತಿದ್ದರೆ ಊರು ಬಿಡಲಿಕ್ಕೇ ಬಿಡುತ್ತಿರಲಿಲ್ಲ. ಆದರೂ ಬಂದೇ ಬರುತ್ತೀ ಎಂದು ನಂಬಿದ್ದೆ. ನೀನು ಹೇಳಿ ಬರುವ ಮನುಷ್ಯನೂ ಅಲ್ಲವಲ್ಲ.

ನಿನ್ನೆ ಬೆಳಿಗ್ಗೆ ಸ್ಟೇಶನ್ನಿಗೆ ಹೋದೆ. ಮೈಸೂರಿನವರನ್ನು ಕರೆತರಲು ಎಂದು ಎಲ್ಲರೂ ತಿಳಿದರು. ನಾನು ನೋಡಲು ಹೋದದ್ದು ಹುಬ್ಬಳ್ಳಿ ಕಡೆಯ ಗಾಡಿಯನ್ನು. ಆ ಗಾಡಿಯಿಂದ ಹಸಿಮೆಣಸಿನಕಾಯಿ ಚೀಲ ಇಳಿದವು, ಒಂದು ಮದುವೆಯ ದಿಬ್ಬಣ ಇಳಿಯಿತು, ನೀನು ಇಳಿಯಲಿಲ್ಲ. ಅಷ್ಟರಲ್ಲಿ ಮೈಸೂರಿನವರು ಇಳಿದರು. ಎಲ್ಲರಿಗೂ ಒಂದೇ ಬಣ್ಣದ ಟೊಪ್ಪಿಗೆ, ಕೊರಳಲ್ಲಿ ನೀರಿನ ಬಾಟಲಿ. ಅವರ ಮುಂದಾಳು ಒಬ್ಬ ಮೇಡಂ, ಸಂಗೀತದ ಮೇಲೆ ದೊಡ್ಡ ಪುಸ್ತಕ ಬರೆಯುತ್ತಿದ್ದಾರಂತೆ. ಒಳ್ಳೆಯ ಹೆಂಗಸು, ಆದರೆ ಕಂಡದ್ದಕ್ಕೆಲ್ಲ ಕೈ ಮುಗಿಯುತ್ತಾರೆ. ಸ್ಟೇಶನ್ನಿನ ಗಂಟೆಗೂ ಮುಗಿದರು.

ಊರು ತೋರಿಸುವ ಕೆಲಸವನ್ನು ಕಲಾ ಸಂಘದ ಅಧ್ಯಕ್ಷ ಪ್ರಭುಲಿಂಗಪ್ಪ ತಾನೇ ಮೈಮೇಲೆ ಎಳೆದುಕೊಂಡಿದ್ದ. ಆ ಮನುಷ್ಯನ ಭಾಷಣ ನಿನಗೆ ಹೊಸದಲ್ಲ. ಹುಟ್ಟಿದ ಹಬ್ಬ, ಶ್ರದ್ಧಾಂಜಲಿ, ಶಾಲೆಯ ಗೋಡೆಯ ಉದ್ಘಾಟನೆ, ಎಲ್ಲಕ್ಕೂ ಅದೇ ಒಂದು ಭಾಷಣ. ಮೊದಲು ಹಳೆಯ ನಾಟಕದ ಥಿಯೇಟರಿಗೆ ಕರೆದೊಯ್ದ. ಅದೀಗ ಹತ್ತಿಬೀಜದ ಗೋದಾಮು. "ರಂಗ ಎಲ್ಲಿತ್ತು ಸಾರ್?" ಎಂದು ಮೇಡಂ ಕೇಳಿದರು. ಇವನು ಚೀಲದ ಗೋಡೆ ತೋರಿಸಿ, ಅದರ ಹಿಂದೆ ತನ್ನ ಸೋದರಮಾವ ಕೃಷ್ಣನ ಪಾರ್ಟು ಮಾಡಿದ ಕಥೆ ತೆಗೆದ. ಮಾವ ಇನ್ನೂ ಕೊಳಲು ಎತ್ತಿರಲಿಲ್ಲ, ಒಬ್ಬ ಹಮಾಲ ಬೆನ್ನ ಮೇಲೆ ಚೀಲ ಹೊತ್ತು ಬಂದು, "ರೀ, ಸರೀರಿ ಅತ್ತಾಗ! ಲಾರಿ ನಿಂತೈತಿ!" ಎಂದು ಗದರಿದ. ನನಗೆ ಅವನ ಕಾಲು ಮುಟ್ಟಬೇಕು ಅನ್ನಿಸಿತು.

ಆಮೇಲೆ ಹಾರ್ಮೋನಿಯಂ ರಿಪೇರಿಯವನ ಅಂಗಡಿ. ಭಾನುವಾರ, ಬಾಗಿಲು ಹಾಕಿತ್ತು. ಬಾಗಿಲ ಮುಂದೆಯೂ ಭಾಷಣವಾಯಿತು. ಮೇಡಂ ಬಾಗಿಲಿಗೆ ಕೈ ಮುಗಿದರು.

ಊಟದ ಹೊತ್ತಿಗೆ ಬ್ಯಾಡಗಿ. ಅಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರ ಹಾಡು ಕೇಳಿಸಬೇಕು ಎಂಬುದು ಪ್ರವೀಣಕುಮಾರನ ವಿಚಾರ. ವಿಚಾರವೇನೋ ಚೆನ್ನಾಗಿತ್ತು. ಆದರೆ ಫೆಬ್ರುವರಿಯಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಗೋದಾಮಿನೊಳಗೆ ಮೈಸೂರಿನವರನ್ನು ನುಗ್ಗಿಸಿದರೆ ಏನಾಗುತ್ತದೆ ಎಂದು ಯಾರಾದರೂ ಯೋಚಿಸಬೇಡವೇ? ಹೆಂಗಸರು ಒಂದು ನುಡಿ ಎತ್ತಿದರೋ ಇಲ್ಲವೋ, ಸೀನು ಶುರುವಾಯಿತು. ಒಬ್ಬರಾದ ಮೇಲೆ ಒಬ್ಬರು, ಕಣ್ಣಲ್ಲಿ ನೀರು, ಮೂಗಿಗೆ ಟೊಪ್ಪಿಗೆ. ಮೇಡಂ ಹಿಡಿದ ಟೇಪಿನಲ್ಲಿ ಬರೀ ಸೀನು ಬಿದ್ದಿದೆ. ಹಾಡುತ್ತಿದ್ದ ಮುದುಕಿ ನಿಲ್ಲಿಸಿ, "ಯವ್ವಾ, ನಾವ ಹಾಡೂದೋ, ಇವರದ ಕೇಳೂದೋ?" ಅಂದಳು. ಗೋದಾಮಿಗೆ ಗೋದಾಮೇ ನಕ್ಕಿತು. ನೀನು ಪಕ್ಕದಲ್ಲಿದ್ದಿದ್ದರೆ ನಾನೂ ನಗುತ್ತಿದ್ದೆ.

ಅಲ್ಲಿಂದಲೇ ಎಸ್‌ಟಿಡಿ ಬೂತಿಗೆ ಹೋಗಿ ಮನೆಗೆ ಫೋನು ಹಚ್ಚಿದೆ. ಬಸ್ಸಿಗೆ ಬಂದಿದ್ದರೆ ನೀನು ಮೊದಲು ಮನೆಗೇ ಹೋಗುವವನು. ಕರೆವ್ವ ಎತ್ತಿದವಳೇ, "ಬಂದಿಲ್ಲರಿ. ಬಂದ್ರ ನಾ ಏನ ಮುಚ್ಚಿಟ್ಟಗೊಂತೇನ? ಅವರ ಸಲುವಾಗಿ ಎಣ್ಣಿಗಾಯಿ ಮಾಡಿ ಕುಂತೇನಿ, ಆರಾಕತ್ತೈತಿ" ಎಂದು ನನ್ನ ಮೇಲೆಯೇ ಹರಿಹಾಯ್ದಳು. ತಪ್ಪು ನಿನ್ನದು, ಬೈಗುಳ ನನಗೆ.

ತಿರುಗಿ ಬರುವಾಗ ಕದರಮಂಡಲಗಿಯಲ್ಲಿ ಹಣಮಪ್ಪನ ದರ್ಶನ ಮಾಡಿದೆವು. ಮೇಡಂ ಕೈ ಮುಗಿದದ್ದಕ್ಕೆ ಇಡೀ ದಿನದಲ್ಲಿ ಅದೊಂದು ಸರಿಯಾದ ಜಾಗ. ನಾನೂ ಮುಗಿದೆ. ನಿನ್ನನ್ನು ಸಂಜೆಯೊಳಗೆ ಕಳಿಸು ಎಂದು ಬೇಡಿಕೊಂಡೆ, ಸುಳ್ಳು ಹೇಳುವುದಿಲ್ಲ.

ಇನ್ನು ಸಂಜೆಯ ಸಂಗತಿ. ಮಠದ ಸಭಾಮಂಟಪ ತುಂಬಿತ್ತು. ನಿನ್ನ ತಂಗಿ ಅಕ್ಬರಬಿಯೂ ಬಂದು ಹೆಂಗಸರ ಸಾಲಿನಲ್ಲಿ ಕೂತಿದ್ದಳು. ನಮ್ಮಿಬ್ಬರಿಗೂ ಸನ್ಮಾನ ಇಟ್ಟಿದ್ದರು. ನೀನಿಲ್ಲ. ಪ್ರವೀಣಕುಮಾರ, "ತಡಾ ಆದ್ರ ಆಗಲಿ ಕಾಕಾರ, ಅವರ ಜಾಗಾ ಹಿಡದಿಡೋಣ" ಎಂದು ನಿನಗೊಂದು ಗಾದಿ ಹಾಸಿದ. ನೀನು ಮಠದಲ್ಲಿ ಬಿಟ್ಟುಹೋದ ತಬಲಾ ಜೋಡಿಯನ್ನು ಅದರ ಮುಂದೆ ಇಟ್ಟ. ಸನ್ಮಾನದ ಶಾಲು ಎಲ್ಲಿಡಬೇಕು ಎಂದು ತಿಳಿಯದೆ ಗಾದಿಯ ಮೇಲೆ ಹೊದಿಸಿದರು. ನಿನಗೆ ಕೊಡಲು ನಿನ್ನದೇ ಫೋಟೋ ಒಂದಕ್ಕೆ ಚೌಕಟ್ಟು ಹಾಕಿಸಿದ್ದರು, ಅದನ್ನು ಶಾಲಿನ ಮೇಲೆ ನಿಲ್ಲಿಸಿದರು. ನಿನಗೆ ಹಾಕಬೇಕಾದ ಮಾಲೆ ಬಾಡೀತು ಎಂದು ಯಾರೋ ಪುಣ್ಯಾತ್ಮರು ಫೋಟೋಕ್ಕೆ ಏರಿಸಿದರು. ಉದ್ಘಾಟನೆಯ ದೀಪಕ್ಕೆ ಗಾಳಿ ಬಡಿಯುತ್ತದೆಂದು ಇನ್ನೊಬ್ಬರು ಅದನ್ನು ತಂದು ಫೋಟೋದ ಮುಂದೆ ಮರೆಗೆ ಇಟ್ಟರು. ಒಬ್ಬೊಬ್ಬರು ಮಾಡಿದ್ದೂ ಒಳ್ಳೆಯ ಮನಸ್ಸಿನಿಂದಲೇ. ನಾನು ಹಾರ್ಮೋನಿಯಂ ಸರಿಮಾಡಿಕೊಳ್ಳುತ್ತ ಬಾಗಿಲ ಕಡೆ ನೋಡುತ್ತಿದ್ದೆ, ಇತ್ತ ಏನು ನಡೆದಿದೆ ಎಂದು ಗಮನಿಸಲಿಲ್ಲ.

ಮೇಡಂ ಒಳಗೆ ಬಂದರು. ಫೋಟೋ ನೋಡಿದರು, ಮಾಲೆ ನೋಡಿದರು, ದೀಪ ನೋಡಿದರು. ಟೊಪ್ಪಿಗೆ ತೆಗೆದು, ಕಣ್ಣು ಮುಚ್ಚಿ, ಕೈ ಮುಗಿದು ನಿಂತುಬಿಟ್ಟರು. ಅವರ ಹಿಂದೆ ತಂಡವೆಲ್ಲ ನಿಂತಿತು. ಪ್ರಭುಲಿಂಗಪ್ಪನಿಗೆ ನೀನು ಬದುಕಿರುವುದು ಗೊತ್ತಿಲ್ಲವೇ? ಗೊತ್ತಿದೆ. ಆದರೆ ಜನ ಹಾಗೆ ತಲೆ ತಗ್ಗಿಸಿ ನಿಂತದ್ದು ಕಂಡರೆ ಆ ಮನುಷ್ಯನ ಬಾಯಿ ತಾನಾಗಿಯೇ ತೆರೆಯುತ್ತದೆ. ಮೈಕು ಹಿಡಿದು, "ಎಲ್ಲಾರೂ ಎದ್ದ ನಿಂದರ್ರಿ. ಒಂದ ನಿಮಿಷ ಮೌನ" ಅಂದ. ಸಭೆಯೆಲ್ಲ ಎದ್ದಿತು. ಯಾವ ಮಂತ್ರಿ ತೀರಿಕೊಂಡನೋ ಎಂದು ನಾನೂ ಎದ್ದೆ. ತಲೆ ತಗ್ಗಿಸಿದಾಗ ಕಂಡದ್ದು ನಿನ್ನ ಮೋರೆ, ಕೊರಳಲ್ಲಿ ಸೇವಂತಿಗೆ ಮಾಲೆ.

ರಹಿಮಾನಸಾಬ, ತಗ್ಗಿಸಿದ ತಲೆ ಎತ್ತಿದೆ. "ಏ, ಸತ್ತಿಲ್ಲೋ ಅಂವಾ! ಬರಾಕತ್ತಾನ! ಕುಂದರ್ರಿ ಎಲ್ಲಾರೂ!" ಎಂದು ಕೂಗಿದೆ. ಮೈಕು ನನ್ನ ಹತ್ತಿರವೇ ಇತ್ತು, ಪೇಟೆಯವರೆಗೂ ಕೇಳಿಸಿತಂತೆ. ಮೇಡಂ ನಾಚಿ, "ಕ್ಷಮಿಸಿ ಸಾರ್, ಕ್ಷಮಿಸಿ" ಅಂದರು. ಅದೇ ಹೊತ್ತಿಗೆ ಅಕ್ಬರಬಿ ಸೆರಗು ಬಾಯಿಗೆ ಒತ್ತಿಕೊಂಡು ಗೊಳೋ ಎಂದು ಅಳಲು ಶುರು ಮಾಡಿದಳು. ಅವಳು ಅತ್ತದ್ದು ಕಂಡು ಮೈಸೂರಿನವರು ಮತ್ತೆ ಎದ್ದು ನಿಂತರು! "ಯಾಕಬೇ, ನೀನೂ ಇವರ ಜೋಡಿ ಕೂಡಿದೇನ?" ಎಂದು ಗದರಿದೆ. ಅವಳು ಎದ್ದು ಹೋದಳು. ಬದುಕಿದ ಅಣ್ಣನಿಗೆ ಹೀಗೆ ಮಾಲೆ ಹಾಕಿದ್ದು ಅಪಶಕುನ ಎಂದು ಅತ್ತಿರಬೇಕು. ನಿನ್ನಿಂದ ಅವಳಿಗೂ ಕಣ್ಣೀರು.

ಆಮೇಲೆ ಹಾಡು. ನೀನಿಲ್ಲದ್ದಕ್ಕೆ ಪ್ರವೀಣಕುಮಾರ ಕರೆಂಟಿನ ತಬಲಾ ಪೆಟ್ಟಿಗೆ ತಂದಿಟ್ಟ. ಗುಂಡಿ ಒತ್ತಿದರೆ ತಾನೇ ಬಾರಿಸುತ್ತದೆ. ಅದರ ಕೆಲಸದಲ್ಲಿ ತಪ್ಪೇನೂ ಇಲ್ಲ. ತಪ್ಪು ನನ್ನಲ್ಲಿದೆ ಎಂದು ನಿನ್ನೆ ಗೊತ್ತಾಯಿತು. ಕಡೆಯ ನುಡಿಯನ್ನು ನಾನು ಎಳೆಯುತ್ತೇನಲ್ಲ, ಎಳೆದು ಎಳೆದು ನಡುವೆ ಉಸಿರು ಕಡಿಯುತ್ತದೆ. ಆಗ ನೀನು ಕೈ ತಡೆದು ಕಾಯುತ್ತೀ, ಇಲ್ಲವೇ ಒಂದು ಸಣ್ಣ ತುಕಡಾ ತುಂಬಿ ನನಗೆ ಉಸಿರು ತೆಗೆದುಕೊಳ್ಳಲು ಬಿಡುತ್ತೀ. ಜನ ಅದನ್ನೇ ರಂಗು ಎಂದು ತಿಳಿದು ಚಪ್ಪಾಳೆ ತಟ್ಟುತ್ತಿದ್ದರು. ಪೆಟ್ಟಿಗೆಗೆ ನನ್ನ ಉಸಿರಿನ ಗೊಡವೆ ಏನಿದೆ? ಅದು ಹೊರಟೇ ಹೋಯಿತು. ಬಿಟ್ಟುಹೋದ ಬಸ್ಸಿನ ಹಿಂದೆ ಓಡುವವನ ಹಾಗೆ ನಾನು ಅದರ ಹಿಂದೆ ಓಡಿದೆ. ತಾಳದ ಸಮ ಸಿಕ್ಕಲಿಲ್ಲ. ನಮ್ಮೂರ ಜನರ ಮುಂದೆ ಹಾಡು ಅರ್ಧಕ್ಕೆ ನಿಲ್ಲಿಸಿ, ನೀರು ಕುಡಿದು, ಸಾಕು ಅಂದೆ. ಮೈಸೂರಿನವರು ಬಹಳ ಚೆನ್ನಾಗಿತ್ತು ಅಂದರು. ಅದು ಇನ್ನೂ ಕೆಟ್ಟದ್ದಾಯಿತು.

ನನಗೆ ಸನ್ಮಾನ ಮಾಡಿದರು. ನಿನ್ನ ಶಾಲು, ಫೋಟೋ ನಮ್ಮ ಮನೆಯಲ್ಲಿವೆ. ಎಣ್ಣೆಗಾಯಿ ಇವತ್ತು ಮುಂಜಾನೆಯೂ ನಾನೇ ತಿಂದೆ.

ಒಂದು ಮಾತು ಕೇಳುತ್ತೇನೆ, ನೆಟ್ಟಗೆ ಉತ್ತರ ಕೊಡು. ಬರಲಾಗುವುದಿಲ್ಲ ಎಂದು ಹೇಳಲು ಒಂದು ಕಾರ್ಡು ಸಾಕಿತ್ತು. ನಾನೇನು ನಿನಗೆ ಅಷ್ಟು ಪರಕೀಯನಾದೆನೇ? ಮಗ, ಮೊಮ್ಮಗಳು ಸಿಕ್ಕ ಮೇಲೆ ಈ ಊರಿನ ಭಜನೆ, ಈ ಅಂದಾನೆಪ್ಪ ಎಲ್ಲ ಬೇಸರವಾಯಿತೇ? ಹಾಗಿದ್ದರೆ ಹಾಗೆಂದು ಬರೆದುಬಿಡು. ನಾನೂ ಸ್ಟೇಶನ್ನಿಗೆ ಹೋಗುವುದನ್ನು ಬಿಡುತ್ತೇನೆ.

ಅಯಾಜನಿಗೂ ಸೊಸೆಗೂ ಆಶೀರ್ವಾದ. ಸಿಮ್ರಾನ ಚೆನ್ನಾಗಿ ಓದಲಿ, ದೇವರು ಅವಳಿಗೆ ಒಳ್ಳೆಯದು ಮಾಡಲಿ. ಹಸೀನಾಬಿಗೆ ಕರೆವ್ವ ಶರಣು ಹೇಳಿದ್ದಾಳೆ. ನಿನಗೆ ಸದ್ಯಕ್ಕೆ ನಾನು ಏನೂ ಹೇಳುವುದಿಲ್ಲ.

ಇಂತಿ,
ಇನ್ನೂ ನಿನ್ನವನೇ ಆದ
ಅಂದಾನೆಪ್ಪ

ತಾ.ಕ.: ಮಂಗಳವಾರ ಬೆಳಿಗ್ಗೆ. ಪತ್ರ ಟಪಾಲಿಗೆ ಹಾಕಲು ಹೊರಟವನಿಗೆ ಅಂಗಡಿಯ ಕಟ್ಟೆಯ ಮೇಲೆ ಅಕ್ಬರಬಿ ಕೂತದ್ದು ಕಂಡಿತು. "ಅಣ್ಣಾರ, ನಾ ಆಣಿ ಮುರೀತೇನಿ, ದೇವರು ನೋಡಿಕೊಳ್ಳಲಿ" ಎಂದು ಶುರು ಮಾಡಿದಳು. ರಮಜಾನ್ ಆದ ಮರುವಾರವೇ ನಿನಗೆ ಲಕ್ವಾ ಹೊಡೆಯಿತಂತೆ. ಬಲಗೈ ಏಳುವುದಿಲ್ಲವಂತೆ. "'ಅಂದಾನೆಪ್ಪಗ ಮಾತ್ರ ಹೇಳಬ್ಯಾಡ್ರಿ, ಗೊತ್ತಾದ್ರ ಅಂವಾ ಹಾಡೂದ ಬಿಡ್ತಾನ' ಅಂತ ನಮ್ಮಣ್ಣ ಎಲ್ಲಾರ ಕಡೆ ಆಣಿ ಮಾಡಿಸ್ಯಾನರಿ" ಅಂದಳು.

ಮೇಲೆ ಬರೆದದ್ದನ್ನೆಲ್ಲ ಹರಿದು ಹಾಕಬೇಕು ಅನ್ನಿಸಿತು. ಹರಿಯಲಿಲ್ಲ. ನೀನು ಬೈಸಿಕೊಳ್ಳಲೇಬೇಕು. ಕೈ ಬಿದ್ದದ್ದಕ್ಕಲ್ಲ, ಅದು ದೇವರ ಇಚ್ಛೆ. ಬೀಗರಿಗೆಲ್ಲ ಗೊತ್ತಿದ್ದ ಸಂಗತಿ ನನಗೊಬ್ಬನಿಗೆ ಗೊತ್ತಿರಬಾರದು ಎಂದೆಯಲ್ಲ, ಅದಕ್ಕೆ. ನೀನು ಅಲ್ಲಿ ಒಬ್ಬನೇ ಆ ಕೈಯನ್ನು ನೋಡುತ್ತ ಮಲಗಿದ್ದೆ, ನಾನು ಇಲ್ಲಿ ಎಣ್ಣೆಗಾಯಿ ಆರಿತು ಎಂದು ಜಗಳ ಮಾಡುತ್ತಿದ್ದೆ.

ಅವಳು ಹೋದ ಮೇಲೆ ಬಾಗಿಲು ಮುಂದೆ ಮಾಡಿ ಹಾರ್ಮೋನಿಯಂ ತೆಗೆದೆ. ನಾನು ಬಿಡುವವನಲ್ಲ ಎಂದು ನಿನಗೆ ತೋರಿಸಬೇಕಿತ್ತು. ಸ್ವರ ಹಿಡಿದೆ, ದನಿ ಏಳಲಿಲ್ಲ. ನೀನು ಹೇಳಿದ್ದೇ ಖರೇ ಆಯಿತಲ್ಲ ಎಂದು ಇನ್ನೂ ಸಿಟ್ಟು ಬಂತು, ಕೂತು ಅತ್ತೆ.

ಎಡಗೈ ನೆಟ್ಟಗಿದೆ ಎಂದು ಅಕ್ಬರಬಿ ಹೇಳಿದಳು. ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ. ಗುರುವಾರದ ಬಸ್ಸಿಗೆ ಬಿಜಾಪುರಕ್ಕೆ ಬರುತ್ತಿದ್ದೇನೆ. ನಿನ್ನ ಜೋಡಿಯಲ್ಲಿ ಬಲಗೈಯ ತಬಲಾ ಇಲ್ಲೇ ಮಠದಲ್ಲಿರಲಿ. ಎಡಗೈಯಲ್ಲಿ ನುಡಿಸುವ ಡಗ್ಗಾ ಒಂದನ್ನೇ ತರುತ್ತೇನೆ.